ಮೈಸೂರಿನ ಶಾಯಿ ಮತ್ತು ವುಝೂವಿನ ನೀರು

2024ರ ಏಪ್ರಿಲ್ 26ರಂದು ಮೈಸೂರು–ಕೊಡಗು ಲೋಕಸಭಾ ಕ್ಷೇತ್ರದಲ್ಲಿ ಮತದಾನ ನಡೆಯಿತು. ಅಂದು ಶುಕ್ರವಾರ. ನೆರೆಯ ಕಾಸರಗೋಡಿನಲ್ಲಿಯೂ ಅದೇ ದಿನ ಮತದಾನವಿತ್ತು. ಜುಮಾದ ದಿನ ಬೇಡವೆಂದು ಕೇರಳದ ಕೆಲವು ಮುಸ್ಲಿಮ್ ಸಂಘಟನೆಗಳು ಚುನಾವಣಾ ಆಯೋಗವನ್ನು ಕೇಳಿಕೊಂಡಿದ್ದರೂ ದಿನಾಂಕ ಬದಲಾಗಿರಲಿಲ್ಲ. ನಮ್ಮ ಮೊಹಲ್ಲಾದ ಮಸೀದಿಯಲ್ಲಿ ಅಂದು ಹೌಝಿನ ಸುತ್ತ ವುಝೂಗೆ ಕುಳಿತವರ ಎಡಗೈ ತೋರುಬೆರಳುಗಳಲ್ಲಿ ಉಗುರಿನಿಂದ ಕೆಳಗಿಳಿದ ಒಂದೊಂದು ಕಪ್ಪು ಗೆರೆ ಕಾಣುತ್ತಿತ್ತು. ನಮಾಝ್ ಮುಗಿದ ಮೇಲೆ ನಮ್ಮಲ್ಲಿ ಓದುವ ಹುಡುಗನೊಬ್ಬ ಬಳಿಗೆ ಬಂದು, "ಹಝ್ರತ್, ನಮ್ಮ ದಾದಿ ಮತ ಹಾಕಲು ಬರುವುದಿಲ್ಲವಂತೆ. ಶಾಯಿ ಹೋಗುವ ತನಕ ವುಝೂ ಆಗುವುದಿಲ್ಲ, ನಮಾಝೂ ಆಗುವುದಿಲ್ಲ ಎನ್ನುತ್ತಾರೆ" ಎಂದ. ಯಾರು ಹಾಗೆ ಹೇಳಿದ್ದು ಎಂದು ಕೇಳಿದೆವು. ಹುಡುಗ ನೆಲ ನೋಡುತ್ತ ಹೇಳಿದ: "ನೀವೇ ಹೇಳಿದ್ದಂತೆ. 2008ರಲ್ಲಿ."

ನೆನಪಾಯಿತು. ಆಗ ನಾವು ಮದ್ರಸದ ಕೆಲಸಕ್ಕೆ ಹೊಸಬರು. ವಿಧಾನಸಭಾ ಚುನಾವಣೆಯ ಮುನ್ನಾದಿನಗಳಲ್ಲಿ ಪರದೆಯ ಆಚೆಯಿಂದ ಒಬ್ಬ ತಾಯಿ ಈ ಪ್ರಶ್ನೆ ಕೇಳಿದ್ದರು. ಆ ಶಾಯಿ ಯಾವುದರಿಂದ ಆದದ್ದು, ಚರ್ಮದ ಮೇಲೆ ಅದು ಏನು ಮಾಡುತ್ತದೆ ಎಂಬುದು ನಮಗೆ ತಿಳಿದಿರಲಿಲ್ಲ. ತಿಳಿದಿಲ್ಲ ಎನ್ನಲು ನಾಚಿಕೆಯಾಗಿ, "ಎಚ್ಚರಿಕೆಗಾಗಿ ದೂರವಿರುವುದೇ ಲೇಸು" ಎಂದುಬಿಟ್ಟಿದ್ದೆವು. ಅಜ್ಞಾನಕ್ಕೆ ಇಹ್ತಿಯಾತ್ ಎಂಬ ಸಭ್ಯ ಹೆಸರನ್ನು ತೊಡಿಸಿದ್ದೆವು. ಆ ಶಾಯಿ ತಯಾರಾಗುವುದು ನಮ್ಮ ಮನೆಯಿಂದ ದೂರವಲ್ಲದ ಬನ್ನಿಮಂಟಪದಲ್ಲಿ ಎಂಬ ಸಂಗತಿ ಈ ನಾಚಿಕೆಯನ್ನು ಇನ್ನಷ್ಟು ಹೆಚ್ಚಿಸುತ್ತದೆ. ಈ ಲೇಖನವನ್ನು ಆ ಉತ್ತರಕ್ಕೆ ನಾವು ಮಾಡಿಕೊಳ್ಳುವ ತಿದ್ದುಪಡಿ ಎಂದು ಓದುಗರು ಭಾವಿಸಲಿ.

ಮೊದಲು ಕಾರ್ಖಾನೆಯ ಕಥೆ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮೈಸೂರಿನಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆಯೊಂದನ್ನು ಸ್ಥಾಪಿಸಿದರು. ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್ ಎಂಬುದು ಅದರ ಮೊದಲ ಹೆಸರು. ಅರಗೆಂದರೆ ಮರದ ಕೊಂಬೆಗಳ ಮೇಲೆ ಒಂದು ಜಾತಿಯ ಕೀಟ ಸ್ರವಿಸುವ ಅಂಟು. ಕನ್ನಡ ಶಾಲೆಯಲ್ಲಿ ಓದಿದ ಯಾರಿಗೂ ಅರಗಿನ ಮನೆಯ ಕಥೆ ಹೊಸದಲ್ಲ, ಆದುದರಿಂದ ಅದು ಬೆಂಕಿಗೆ ಹೇಗೆ ಕರಗುತ್ತದೆಂದು ವಿವರಿಸಬೇಕಿಲ್ಲ. ಕರಗಿಸಿ ಕಾಗದದ ಮೇಲೆ ಸುರಿದು ಮುದ್ರೆಯೊತ್ತಿದರೆ ಅದು ಗಟ್ಟಿಯಾಗಿ ಕೂರುತ್ತದೆ. ಅಂಚೆ, ನ್ಯಾಯಾಲಯ, ಖಜಾನೆಗಳಿಗೆ ಈ ಮೊಹರಿನ ಅರಗು ಬೇಕಾಗಿತ್ತು. ಸ್ವತಂತ್ರ ಭಾರತದ ಚುನಾವಣೆಗಳಲ್ಲಿ ಮತಪೆಟ್ಟಿಗೆಗಳ ಬಾಯಿ ಮುಚ್ಚಿದ್ದೂ ಇಂಥ ಅರಗಿನಿಂದಲೇ. 1947ರಲ್ಲಿ ಕಾರ್ಖಾನೆ ಸರ್ಕಾರಿ ಉದ್ಯಮವಾಯಿತು. 1989ರಲ್ಲಿ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಲಿಮಿಟೆಡ್ ಎಂಬ ಇಂದಿನ ಹೆಸರು ಪಡೆಯಿತು. ಇದಕ್ಕೆ ಮೈಲ್ಯಾಕ್ ಎಂಬ ಚಿಕ್ಕ ಹೆಸರೂ ಉಂಟು.

ಶಾಯಿ ಹುಟ್ಟಿದ್ದು ಮಾತ್ರ ಇಲ್ಲಿ ಅಲ್ಲ, ದೆಹಲಿಯಲ್ಲಿ. ಅದರ ಹುಟ್ಟಿನ ಕಥೆಯಲ್ಲಿ ನಮ್ಮ ಮಕ್ಕಳು ತಿಳಿಯಲೇಬೇಕಾದ ಒಂದು ಹೆಸರು ಬರುತ್ತದೆ: ಸಲೀಮುಝ್ಝಮಾನ್ ಸಿದ್ದೀಕಿ. 1897ರಲ್ಲಿ ಇಂದಿನ ಉತ್ತರ ಪ್ರದೇಶದ ಬಾರಾಬಂಕಿ ಪ್ರದೇಶದಲ್ಲಿ ಜನಿಸಿದ ಇವರು ಅಲಿಗಢದಲ್ಲಿ ಓದಿದ್ದು ತತ್ತ್ವಶಾಸ್ತ್ರ ಮತ್ತು ಪಾರ್ಸಿ. ವೈದ್ಯನಾಗಬೇಕೆಂದು ಲಂಡನ್ನಿಗೆ ಹೋದವರು ಅಲ್ಲಿಂದ ಜರ್ಮನಿಯ ಫ್ರಾಂಕ್‌ಫರ್ಟ್‌ಗೆ ತೆರಳಿ ರಸಾಯನಶಾಸ್ತ್ರಕ್ಕೆ ಹೊರಳಿದರು, 1927ರಲ್ಲಿ ಡಾಕ್ಟರೇಟ್ ಪಡೆದರು. ಜರ್ಮನಿಯಲ್ಲಿದ್ದಾಗ ತಮ್ಮ ವರ್ಣಚಿತ್ರಗಳ ಪ್ರದರ್ಶನವನ್ನೂ ಏರ್ಪಡಿಸಿದ್ದರು. ಇಷ್ಟೆಲ್ಲ ದಾರಿಗಳನ್ನು ತುಳಿದ ಯುವಕನನ್ನು ಇಂದಿನ ನಮ್ಮ ಪೋಷಕರು ಏನೆಂದು ಬೈಯುತ್ತಿದ್ದರೋ!

ಸಿದ್ದೀಕಿಯವರ ಬೆನ್ನಿಗಿದ್ದವರು ದೆಹಲಿಯ ಹಕೀಮ್ ಅಜ್ಮಲ್ ಖಾನ್. ಯೂನಾನಿ ವೈದ್ಯರಾಗಿ, ಕಾಂಗ್ರೆಸ್ಸಿನ ಅಧ್ಯಕ್ಷರಾಗಿ, ಜಾಮಿಯಾ ಮಿಲ್ಲಿಯಾದ ಸ್ಥಾಪಕರಲ್ಲೊಬ್ಬರಾಗಿ ಪ್ರಸಿದ್ಧರಾದ ಹಕೀಮರಿಗೆ ತಮ್ಮ ಪೂರ್ವಿಕರ ಔಷಧಿಗಳನ್ನು ಆಧುನಿಕ ಪ್ರಯೋಗಾಲಯ ಪರೀಕ್ಷಿಸಬೇಕೆಂಬ ಆಸೆಯಿತ್ತು. ಪರೀಕ್ಷೆಗೆ ಅಂಜದ ಪರಂಪರಾಪ್ರೇಮ ಅವರದು. 1927ರ ಕೊನೆಯಲ್ಲಿ ಹಕೀಮರು ತೀರಿಕೊಂಡರು. ಅವರ ತಿಬ್ಬಿಯಾ ಕಾಲೇಜಿನ ಸಂಶೋಧನಾಲಯದಲ್ಲಿ ಕುಳಿತು ಸಿದ್ದೀಕಿಯವರು ಸರ್ಪಗಂಧದ ಬೇರನ್ನು ಪರೀಕ್ಷಿಸಿದರು. ಯೂನಾನಿ ಹಕೀಮರು ಅಸ್ರೋಲ್ ಎಂದು ಕರೆಯುವ, ನಿದ್ರೆ ಬಾರದವರಿಗೂ ಉನ್ಮಾದದವರಿಗೂ ಕೊಡುತ್ತಿದ್ದ ಬೇರು ಅದು. 1931ರಲ್ಲಿ ಅದರಿಂದ ಬೇರ್ಪಡಿಸಿದ ಒಂದು ವಸ್ತುವಿಗೆ ಅಜ್ಮಲೀನ್ ಎಂದು ಗುರುವಿನ ಹೆಸರಿಟ್ಟರು. ಹೃದಯಬಡಿತದ ಏರುಪೇರಿಗೆ ಅದು ಔಷಧವಾಯಿತು. ಇಂದಿಗೂ ಬ್ರುಗಾಡಾ ಎಂಬ, ಮೇಲ್ನೋಟಕ್ಕೆ ಆರೋಗ್ಯವಂತರಾದವರನ್ನು ಹಠಾತ್ತನೆ ಕೊಂಡೊಯ್ಯುವ ಹೃದಯರೋಗವನ್ನು ಪತ್ತೆಮಾಡಲು ಆಸ್ಪತ್ರೆಗಳಲ್ಲಿ ಅಜ್ಮಲೀನ್ ಕೊಟ್ಟು ಪರೀಕ್ಷಿಸುವ ಕ್ರಮವಿದೆ. ಮುಂದೆ ಬೇವಿನ ಎಣ್ಣೆಯಿಂದ ನಿಂಬಿನ್ ಮೊದಲಾದ ವಸ್ತುಗಳನ್ನು 1942ರಲ್ಲಿ ಬೇರ್ಪಡಿಸಿದವರೂ ಇವರೇ.

1940ರಲ್ಲಿ ಸಿದ್ದೀಕಿಯವರು ಇಂದು ನಾವು ಸಿಎಸ್‌ಐಆರ್ ಎಂದು ಕರೆಯುವ ವೈಜ್ಞಾನಿಕ ಸಂಶೋಧನಾ ಸಂಸ್ಥೆಗೆ ಸೇರಿದರು. ಅದರ ಮುಖ್ಯಸ್ಥರು ಶಾಂತಿಸ್ವರೂಪ್ ಭಟ್ನಾಗರ್. ದೇಶ ತನ್ನ ಮೊದಲ ಮಹಾಚುನಾವಣೆಗೆ ಸಿದ್ಧವಾಗುತ್ತಿದ್ದಾಗ, ಒಬ್ಬನೇ ಎರಡು ಬಾರಿ ಬಂದು ಮತ ಹಾಕುವುದನ್ನು ತಡೆಯುವ ಗುರುತೊಂದು ಬೇಕಾಯಿತು. ಬೆಳ್ಳಿಯ ಲವಣದಿಂದ ಅಂಥ ಶಾಯಿ ಮಾಡಬಹುದೆಂದು ತೋರಿಸಿದ ಕೀರ್ತಿಯನ್ನು ಸಿಎಸ್‌ಐಆರ್‌ನ ನೆನಪುಗಳು ಸಿದ್ದೀಕಿಯವರಿಗೆ ಸಲ್ಲಿಸುತ್ತವೆ. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ರಸಾಯನತಜ್ಞರು ಅದನ್ನು ಬಳಕೆಗೆ ಪಕ್ವಗೊಳಿಸಿದರು. ಆದರೆ 1951ರಲ್ಲಿ, ಲಿಯಾಕತ್ ಅಲಿ ಖಾನರ ಆಹ್ವಾನದ ಮೇರೆಗೆ, ಸಿದ್ದೀಕಿಯವರು ಕರಾಚಿಗೆ ಹೊರಟುಹೋದರು. ಅದೇ ವರ್ಷದ ಅಕ್ಟೋಬರಿನಲ್ಲಿ ಭಾರತದ ಮೊದಲ ಮತದಾನ ಆರಂಭವಾಯಿತು. ಆ ಚುನಾವಣೆಯಲ್ಲಿ 3,89,816 ಸೀಸೆ ಶಾಯಿ ಖರ್ಚಾಯಿತೆಂದು ದಾಖಲೆ ಹೇಳುತ್ತದೆ. 1994ರಲ್ಲಿ ತೀರಿಕೊಂಡ ಸಿದ್ದೀಕಿಯವರನ್ನು ಪಾಕಿಸ್ತಾನ ತನ್ನ ವಿಜ್ಞಾನಿಯೆಂದು ಸ್ಮರಿಸುತ್ತದೆ, ನಾವು ಮರೆತಿದ್ದೇವೆ. ದೇಶ ಒಡೆದಾಗ ಆಸ್ತಿಗಳ ಲೆಕ್ಕ ಮಾಡಿದ ಹಾಗೆ ಇಂಥ ನೆನಪುಗಳ ಲೆಕ್ಕವನ್ನು ಯಾರೂ ಮಾಡಲಿಲ್ಲ.

ಶಾಯಿ ಮೈಸೂರಿಗೆ ಬಂದದ್ದು 1962ರಲ್ಲಿ. ಚುನಾವಣಾ ಆಯೋಗ, ಕೇಂದ್ರ ಕಾನೂನು ಸಚಿವಾಲಯ, ರಾಷ್ಟ್ರೀಯ ಭೌತ ಪ್ರಯೋಗಾಲಯ, ರಾಷ್ಟ್ರೀಯ ಸಂಶೋಧನಾ ಅಭಿವೃದ್ಧಿ ನಿಗಮ ಇವೆಲ್ಲವೂ ಸೇರಿ ಮೈಸೂರಿನ ಕಾರ್ಖಾನೆಗೆ ಈ ಶಾಯಿಯ ತಯಾರಿಕೆಯನ್ನು ವಹಿಸಿದವು. ಆ ವರ್ಷದ ಮೂರನೆಯ ಮಹಾಚುನಾವಣೆಯಿಂದ ಇಂದಿನವರೆಗೆ ಆಯೋಗಕ್ಕೆ ಶಾಯಿ ಹೋಗುವುದು ಬನ್ನಿಮಂಟಪದಿಂದಲೇ. 2024ರ ಚುನಾವಣೆಗೆ 26 ಲಕ್ಷಕ್ಕೂ ಹೆಚ್ಚು ಸೀಸೆಗಳು ಇಲ್ಲಿಂದ ಹೊರಟವು. ಹತ್ತು ಮಿಲಿಲೀಟರಿನ ಒಂದು ಸೀಸೆ ಸುಮಾರು ಏಳುನೂರು ಬೆರಳುಗಳಿಗೆ ಸಾಲುತ್ತದೆ. ಹೊರದೇಶಗಳ ಚುನಾವಣೆಗಳಿಗೂ ಮೈಸೂರಿನ ಶಾಯಿ ಹಡಗೇರಿದೆ.

ಈಗ ಬೆರಳಿಗೆ ಬರೋಣ. ಶಾಯಿಯ ಮುಖ್ಯ ವಸ್ತು ಸಿಲ್ವರ್ ನೈಟ್ರೇಟ್. ಬೆಳ್ಳಿಯನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿದರೆ ದೊರೆಯುವ ಲವಣ. ಇದರ ಪ್ರಮಾಣವನ್ನು ಕಾರ್ಖಾನೆ ಗುಟ್ಟಾಗಿಟ್ಟಿದೆ. ನೀರಿನಲ್ಲಿ ಕರಗಿದ ಸಿಲ್ವರ್ ನೈಟ್ರೇಟಿಗೆ ಬಣ್ಣವೇ ಇರುವುದಿಲ್ಲ. ಹಚ್ಚಿದ ಕೂಡಲೇ ಕಾಣಲೆಂದು ನೇರಳೆ ಬಣ್ಣವನ್ನೂ, ಬೇಗ ಆರಲೆಂದು ಮದ್ಯಸಾರವನ್ನೂ ಸೇರಿಸುತ್ತಾರೆ. ನಮ್ಮ ಚರ್ಮದ ಮೇಲೆ ಬೆವರಿನ ಉಪ್ಪು ಸದಾ ಇರುತ್ತದೆ. ಶಾಯಿಯ ಬೆಳ್ಳಿ ಆ ಉಪ್ಪಿನೊಂದಿಗೆ ಕೂಡಿ ಸಿಲ್ವರ್ ಕ್ಲೋರೈಡ್ ಆಗುತ್ತದೆ. ಇದು ನೀರಿನಲ್ಲಿ ಕರಗದು. ಚರ್ಮದ ಮತ್ತು ಉಗುರಿನ ಪ್ರೋಟೀನಿಗೂ ಬೆಳ್ಳಿ ಅಂಟಿಕೊಳ್ಳುತ್ತದೆ. ಮೇಲೆ ಬೆಳಕು ಬಿದ್ದಾಗ ಬೆಳ್ಳಿಯ ಅತಿ ಸೂಕ್ಷ್ಮ ಕಣಗಳು ಬಿಡುಗಡೆಯಾಗಿ ಗುರುತು ಕಪ್ಪಾಗುತ್ತದೆ. ಹಳೆಯ ಕಾಲದ ಫೋಟೋ ಕಾಗದದಲ್ಲಿ ಚಿತ್ರ ಮೂಡುತ್ತಿದ್ದದ್ದೂ ಬೆಳ್ಳಿಯ ಈ ಗುಣದಿಂದಲೇ. ಬೆಳಕು ತಾಗಿ ಕೆಡಬಾರದೆಂದೇ ಶಾಯಿಯನ್ನು ಕಂದುಬಣ್ಣದ ಸೀಸೆಯಲ್ಲಿ ತುಂಬುತ್ತಾರೆ. ಸಾಬೂನು ಹಾಕಿ ಉಜ್ಜಿದರೆ ಹೋಗುವುದು ಮೇಲಿನ ನೇರಳೆ ಬಣ್ಣ ಮಾತ್ರ. ಒಳಗಿನ ಕಪ್ಪು ಹೋಗಬೇಕಾದರೆ ಚರ್ಮದ ಸತ್ತ ಪದರ ತಾನಾಗಿ ಉದುರಬೇಕು, ಉಗುರು ಬೆಳೆದು ಮುಂದೆ ಸಾಗಬೇಕು.

ಈ ವಿವರವನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ವಿನಂತಿ. ಗುರುತು ಚರ್ಮದ ಮೇಲೆ ಹಾಸಿದ ಹೊದಿಕೆಯಲ್ಲ. ಚರ್ಮದ ಹೊರಪದರವೇ ಬಣ್ಣ ಬದಲಿಸಿರುವುದು.

ಸಿಲ್ವರ್ ನೈಟ್ರೇಟಿನ ಹಿಂದಿನ ಚರಿತ್ರೆಯ ಬಗ್ಗೆ ಒಂದು ಮಾತು. ಇದನ್ನು ಕಂಡುಹಿಡಿದವರು ಜಾಬಿರ್ ಇಬ್ನ್ ಹಯ್ಯಾನ್ ಎಂದು ನಮ್ಮ ಸಭೆಗಳಲ್ಲಿ ಹೆಮ್ಮೆಯಿಂದ ಹೇಳುವುದುಂಟು. ನಾವೂ ಹೇಳಿದ್ದೇವೆ. ಆದರೆ ಸಂಶೋಧಕರು ತೋರಿಸಿರುವ ಚಿತ್ರ ಇಷ್ಟು ಸರಳವಲ್ಲ. ಜಾಬಿರರ ಹೆಸರಿನಲ್ಲಿರುವ ಅರಬಿ ಗ್ರಂಥರಾಶಿ ಒಬ್ಬನ ಬರಹವಲ್ಲ, ಒಂದು ಪಂಥದವರು ಕಾಲಾಂತರದಲ್ಲಿ ಬರೆದದ್ದು ಎಂದು ಪಾಲ್ ಕ್ರೌಸ್ 1940ರ ದಶಕದಲ್ಲಿ ಕೈರೋದಲ್ಲಿ ಪ್ರಕಟಿಸಿದ ತಮ್ಮ ಅಧ್ಯಯನದಲ್ಲಿ ವಾದಿಸಿದರು. ಗೆಬರ್ ಎಂಬ ಹೆಸರಿನಲ್ಲಿ ಯುರೋಪಿನಲ್ಲಿ ಹರಡಿದ ಪ್ರಸಿದ್ಧ ಲ್ಯಾಟಿನ್ ಗ್ರಂಥವು 13ನೆಯ ಶತಮಾನದ ಕೊನೆಯ ಭಾಗದಲ್ಲಿ ಪೌಲ್ ಎಂಬ ಇಟಲಿಯ ಪಾದ್ರಿ ಬರೆದದ್ದು ಎಂಬ ತೀರ್ಮಾನಕ್ಕೆ ಅಮೆರಿಕದ ವಿಲಿಯಂ ನ್ಯೂಮನ್ ಬಂದಿದ್ದಾರೆ. ಆ ಪಾದ್ರಿ ತನ್ನ ಕೃತಿಗೆ ಅರಬಿ ಹೆಸರನ್ನೇಕೆ ಅಂಟಿಸಬೇಕಾಯಿತು? ಅಂದಿನ ಯುರೋಪಿನಲ್ಲಿ ರಸವಿದ್ಯೆಗೆ ಅರಬರ ಹೆಸರೇ ಮುದ್ರೆಯಾಗಿತ್ತು. ನಮ್ಮ ಹೆಮ್ಮೆಗೆ ಅಷ್ಟು ಸಾಲದೇ? ಬಟ್ಟಿ ಇಳಿಸುವ ಉಪಕರಣಗಳನ್ನೂ ವಸ್ತುಗಳ ವರ್ಗಗಳನ್ನೂ ಕ್ರಮವಾಗಿ ಬರೆದಿಟ್ಟ ಅಬೂಬಕ್ರ್ ಅರ್‌ರಾಝಿಯಂಥವರ ಕೃತಿಗಳು ಇರುವಾಗ ಖಚಿತವಲ್ಲದ್ದನ್ನು ಎದೆತಟ್ಟಿ ಹೇಳುವ ಅಗತ್ಯ ನಮಗಿಲ್ಲ.

ರಸವಾದಿಗಳ ಗುಪ್ತಭಾಷೆಯಲ್ಲಿ ಬೆಳ್ಳಿಗೆ ಕಮರ್, ಅಂದರೆ ಚಂದ್ರ ಎಂದು ಹೆಸರು. ಯುರೋಪಿನ ವೈದ್ಯರು ಸಿಲ್ವರ್ ನೈಟ್ರೇಟಿನ ಕಡ್ಡಿಯನ್ನು ಚಂದ್ರನ ಹೆಸರಿನಿಂದಲೇ ಕರೆದು, ಅದರಿಂದ ನರುಳ್ಳೆಗಳನ್ನು ಸುಡುತ್ತಿದ್ದರು. 1881ರಲ್ಲಿ ಜರ್ಮನಿಯ ಲೀಪ್ಜಿಗ್ ನಗರದ ಪ್ರಸೂತಿತಜ್ಞ ಕಾರ್ಲ್ ಕ್ರೆಡೆ, ನವಜಾತ ಶಿಶುಗಳ ಕಣ್ಣಿಗೆ ಶೇಕಡಾ 2ರ ಸಿಲ್ವರ್ ನೈಟ್ರೇಟ್ ದ್ರಾವಣದ ಹನಿ ಹಾಕಿದರೆ ಹೆರಿಗೆಯ ವೇಳೆ ತಗಲುವ ಸೋಂಕಿನಿಂದ ಬರುವ ಕುರುಡುತನ ತಪ್ಪುತ್ತದೆ ಎಂದು ಪ್ರಕಟಿಸಿದರು. ಅವರ ಆಸ್ಪತ್ರೆಯಲ್ಲಿ ನೂರಕ್ಕೆ ಸುಮಾರು ಹತ್ತರಷ್ಟು ಮಕ್ಕಳಿಗೆ ಬರುತ್ತಿದ್ದ ಆ ಕಣ್ಣುಬೇನೆ ಒಂದಕ್ಕಿಂತ ಕೆಳಗಿಳಿಯಿತು. ಆ್ಯಂಟಿಬಯೋಟಿಕ್‌ಗಳು ಬರುವ ಮೊದಲು ಈ ಹನಿ ಎಷ್ಟು ಮಕ್ಕಳ ದೃಷ್ಟಿ ಉಳಿಸಿತೋ ಅಲ್ಲಾಹನೇ ಬಲ್ಲ. ಆದರೆ ಗಾಢವಾದ ದ್ರಾವಣ ಚರ್ಮವನ್ನು ಸುಡುತ್ತದೆ, ಬೆಳ್ಳಿಯನ್ನು ವರ್ಷಗಟ್ಟಲೆ ನುಂಗಿದವರ ಮೈ ನೀಲಿಗಟ್ಟುತ್ತದೆ. ಔಷಧಕ್ಕೂ ವಿಷಕ್ಕೂ ಇರುವ ಅಂತರ ಎಷ್ಟೋ ಬಾರಿ ಅಳತೆಯದು. ಐದು ವರ್ಷಕ್ಕೊಮ್ಮೆ ಒಂದು ಉಗುರಿಗೆ ಎಳೆಯುವ ಗೆರೆಯನ್ನು ಕುರಿತು ಭಯಪಡಬೇಕಾದದ್ದಿಲ್ಲ.

ಮಲೇಷ್ಯಾದಲ್ಲಿ ಆ ಭಯ ಏನು ಮಾಡಿತೆಂಬುದು ಕೇಳುವಂತಿದೆ. 2008ರ ಚುನಾವಣೆಗೆ ಭಾರತದಿಂದ ತರಿಸಿದ್ದ ಶಾಯಿಯನ್ನು ಮತದಾನಕ್ಕೆ ಕೆಲವೇ ದಿನಗಳಿರುವಾಗ ಕೈಬಿಡಲಾಯಿತು. ಮುಂದೆ ಶಾಯಿ ಬೇಕೆಂಬ ಕೂಗು ಬಲವಾದಾಗ ನಮ್ಮ ದಾದಿಯ ಪ್ರಶ್ನೆಯೇ ಅಲ್ಲಿಯೂ ಎದ್ದಿತು. ಅಲ್ಲಿನ ರಾಷ್ಟ್ರೀಯ ಫತ್ವಾ ಸಮಿತಿ 2012ರಲ್ಲಿ ಶಾಯಿಯ ಬಳಕೆ ಮುಸ್ಲಿಮರಿಗೆ ಅನುಮತಿಸಲ್ಪಟ್ಟದ್ದೆಂದೂ ವುಝೂಗೆ ತೊಡಕಲ್ಲವೆಂದೂ ತೀರ್ಮಾನಿಸಿತು. ಆದರೆ 2013ರಲ್ಲಿ ಬೆರಳಿಗೆ ಹಚ್ಚಿದ ಶಾಯಿ ತೊಳೆದರೆ ಹೋಗುತ್ತಿದೆಯೆಂದು ದೂರುಗಳು ಬಂದವು. ಸಿಲ್ವರ್ ನೈಟ್ರೇಟ್ ಆರೋಗ್ಯಕ್ಕೆ ಕೆಟ್ಟದ್ದೆಂಬ ಕಾರಣದಿಂದ ಶಾಯಿಯಲ್ಲಿ ಬಳಸಿದ್ದು ತಿನಿಸಿಗೆ ಹಾಕುವ ಬಣ್ಣವನ್ನು ಎಂದು ಸಚಿವರೊಬ್ಬರು ಸಂಸತ್ತಿನಲ್ಲಿ ಹೇಳಿದರು! ಕರ್ಮಶಾಸ್ತ್ರ ಸಮ್ಮತಿಸಿತ್ತು, ಕಾನೂನು ಬಯಸಿತ್ತು, ರಸಾಯನವೊಂದು ಇರಲಿಲ್ಲ.

ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಮತದಾರನ ಬೆರಳಿಗೆ ಅಳಿಸಲಾಗದ ಶಾಯಿಯ ಗುರುತು ಹಾಕಲು ನಿಯಮ ರಚಿಸಬಹುದೆಂದು 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 61ನೆಯ ಕಲಮು ಹೇಳುತ್ತದೆ. 1961ರ ಚುನಾವಣಾ ನಡವಳಿಕೆ ನಿಯಮಗಳ ಪ್ರಕಾರ ಎಡಗೈಯ ತೋರುಬೆರಳನ್ನು ಪರೀಕ್ಷಿಸಿ ಗುರುತು ಹಾಕಬೇಕು. ಆ ಬೆರಳಿಲ್ಲದವರಿಗೆ ಎಡಗೈಯ ಬೇರೆ ಬೆರಳಿಗೆ, ಎಡಗೈಯಲ್ಲಿ ಬೆರಳುಗಳೇ ಇಲ್ಲದಿದ್ದರೆ ಬಲಗೈಯ ಬೆರಳಿಗೆ, ಯಾವ ಬೆರಳೂ ಇಲ್ಲದವರಿಗೆ ತೋಳಿನ ತುದಿಗೆ. ಅಂಗವಿಲ್ಲದವನನ್ನೂ ಹೊರಗಿಡದ ಈ ನಿಯಮವನ್ನು ಓದುವಾಗ ವುಝೂವಿನ ಅಧ್ಯಾಯಗಳಲ್ಲಿ ಕೈ ಕತ್ತರಿಸಿಹೋದವನು ಎಲ್ಲಿಯವರೆಗೆ ತೊಳೆಯಬೇಕೆಂದು ಫುಕಹಾಗಳು ಬರೆದದ್ದು ನಮಗೆ ನೆನಪಾಯಿತು. 2006ರಿಂದ ಗುರುತು ಉಗುರಿನ ಮೇಲ್ತುದಿಯಿಂದ ಮೊದಲ ಗೆಣ್ಣಿನವರೆಗಿನ ಗೆರೆಯಾಗಿದೆ. ಎಣ್ಣೆ ಹಚ್ಚಿಕೊಂಡು ಬಂದವನ ಬೆರಳನ್ನು ಬಟ್ಟೆಯಿಂದ ಒರೆಸಿಯೇ ಶಾಯಿ ಹಾಕಬೇಕೆಂದು ಅಧಿಕಾರಿಗಳ ಕೈಪಿಡಿ ಹೇಳುತ್ತದೆ. ನಮ್ಮ ಪ್ರಶ್ನೆಗೆ ಮುಖ್ಯವಾದದ್ದು ಇದು: ಗುರುತು ಹಾಕಲು ಬೆರಳು ಕೊಡದವನಿಗೆ ಮತ ಹಾಕಲು ಬಿಡುವುದಿಲ್ಲ. ಅಂದರೆ ಶಾಯಿಯಿಂದ ದೂರವಿರಿ ಎಂದ ನಮ್ಮ ಸಲಹೆ, ಮತದಿಂದ ದೂರವಿರಿ ಎಂಬ ಆಜ್ಞೆಯೇ ಆಗಿತ್ತು.

ಮತಗಟ್ಟೆಯ ಆಚೆಗೂ ಈ ಶಾಯಿ ಎರಡು ಬಾರಿ ಸುದ್ದಿಯಾಯಿತು. 2016ರ ನವೆಂಬರಿನಲ್ಲಿ ನೋಟು ಬದಲಿಸಲು ಬ್ಯಾಂಕಿಗೆ ಬಂದವರ ಬಲಗೈ ಬೆರಳಿಗೆ ಹಚ್ಚಿದರು. ಉಪಚುನಾವಣೆಗಳಿಗೆ ಗೊಂದಲವಾದೀತೆಂದು ಆಯೋಗ ಆಕ್ಷೇಪಿಸಿತು. 2020ರ ಮಾರ್ಚಿನಲ್ಲಿ ಕೊರೋನಾ ಕಾರಣದಿಂದ ಮನೆಯಲ್ಲಿಯೇ ಪ್ರತ್ಯೇಕವಾಗಿರಬೇಕಾದವರ ಕೈಗೆ ಮುದ್ರೆಯೊತ್ತಲು ಇದನ್ನು ಬಳಸಲು ಅದೇ ಆಯೋಗ ಒಪ್ಪಿತು.

ಇನ್ನು ಕರ್ಮಶಾಸ್ತ್ರ. ಮುಖ, ಮೊಣಕೈವರೆಗಿನ ಕೈಗಳು, ಕಾಲುಗಳು ಇವುಗಳ ಶುದ್ಧಿಯನ್ನು ಕುರ್‌ಆನಿನ ಅಲ್‌ಮಾಇದಾ ಅಧ್ಯಾಯದ 6ನೆಯ ಸೂಕ್ತ ವಿಧಿಸುತ್ತದೆ. ಪ್ರಯಾಣದಲ್ಲಿ ಅವಸರದಿಂದ ವುಝೂ ಮಾಡಿ ಹಿಮ್ಮಡಿಗಳನ್ನು ಒಣದಾಗಿ ಬಿಟ್ಟ ಸಂಗಾತಿಗಳನ್ನು ಪ್ರವಾದಿ(ಸ)ಯವರು ಕಟುವಾಗಿ ಎಚ್ಚರಿಸಿದ ವರದಿ ಬುಖಾರಿ, ಮುಸ್ಲಿಮ್ ಎರಡರಲ್ಲಿಯೂ ಇದೆ. ಆದುದರಿಂದ ದಾದಿಯ ಆತಂಕ ಕ್ಷುಲ್ಲಕವಾದುದಲ್ಲ. ನೀರು ತಲುಪಲೇಬೇಕು. ಆದರೆ ನೀರನ್ನು ತಡೆಯುವುದು ಯಾವುದು? ವಿದ್ವಾಂಸರು ಇಲ್ಲಿ ಜಿರ್ಮ್ ಮತ್ತು ಲೌನ್ ಎಂಬ ಎರಡನ್ನು ಬೇರ್ಪಡಿಸುತ್ತಾರೆ. ಜಿರ್ಮ್ ಎಂದರೆ ಮೇಲೆ ಕೂತ ಪದಾರ್ಥದ ಮೈ, ಲೌನ್ ಎಂದರೆ ಬಣ್ಣ. ಅಂಗದ ಮೇಲೆ ಮೇಣ, ಹಿಟ್ಟು, ಗೋರಂಟಿಯ ಮುದ್ದೆ ನೀರನ್ನು ತಡೆದರೆ ಶುದ್ಧಿಯಾಗದು, ಗೋರಂಟಿಯ ಮೈ ಹೋಗಿ ಬಣ್ಣವಷ್ಟೇ ಉಳಿದಿದ್ದರೆ ಶುದ್ಧಿ ಸಿಂಧು ಎಂದು ಶಾಫಿಈ ಮದ್‌ಹಬಿನ ಇಮಾಮ್ ನವವಿಯವರು ಮಜ್ಮೂಅ್ ಗ್ರಂಥದಲ್ಲಿ ವಿವರಿಸಿದ್ದಾರೆ. ಕರಾವಳಿಯ ಸಹೋದರರು ಇದನ್ನು ಗಮನಿಸಲಿ. ಮೈಸೂರಿನ ನಾವು ಬಹುಪಾಲು ಹನಫಿಗಳು. ಹನಫಿ ಗ್ರಂಥ ದುರ್ರುಲ್ ಮುಖ್ತಾರ್ ಗೋರಂಟಿಯ ವಿಷಯದಲ್ಲಿ ಇನ್ನೂ ಸಡಿಲವಾಗಿದೆ.

ಹೀಗಿರಲು ಬನ್ನಿಮಂಟಪದ ಒಂದೇ ಕಾರ್ಖಾನೆ ಎರಡೂ ಉದಾಹರಣೆಗಳನ್ನು ತಯಾರಿಸುತ್ತಿದೆ ಎನ್ನಬಹುದು. ಅಲ್ಲಿನ ಅರಗು ಬೆರಳಿಗೆ ಅಂಟಿದರೆ ಅದು ಜಿರ್ಮ್. ಕಿತ್ತು ತೆಗೆಯದೆ ವುಝೂ ಇಲ್ಲ. ಅಲ್ಲಿನ ಶಾಯಿ ಉಳಿಸುವುದು ಲೌನ್. ಉಗುರುಬಣ್ಣವೆಂಬ ನೈಲ್ ಪಾಲಿಶ್ ಅರಗಿನ ಪಕ್ಷಕ್ಕೆ, ಗೋರಂಟಿಯ ಬಣ್ಣ ಶಾಯಿಯ ಪಕ್ಷಕ್ಕೆ ಸೇರುತ್ತವೆ. ಶಾಯಿ ದಪ್ಪವಾಗಿ ಹನಿಗಟ್ಟಿ ಒಣಗಿದ್ದರೆ ಆ ಹೆಪ್ಪನ್ನು ಉಜ್ಜಿ ತೆಗೆಯುವುದು ಸರಿ. ಬಳಿಕ ಉಳಿಯುವ ಕಪ್ಪಿನ ಮೇಲೆ ನೀರು ಹರಿದರೆ ಸಾಕು. ಇಷ್ಟನ್ನು ಹೇಳಲು 2008ರಲ್ಲಿ ನಮಗೆ ಬೇಕಾಗಿದ್ದದ್ದು ಹತ್ತನೆಯ ತರಗತಿಯ ರಸಾಯನ ಮತ್ತು ನಾವು ಅದಾಗಲೇ ಪಾಠ ಮಾಡುತ್ತಿದ್ದ ಕಿತಾಬಿನ ಒಂದು ಪುಟ. ಎರಡೂ ನಮ್ಮ ಮನೆಯಲ್ಲಿಯೇ ಇದ್ದವು, ಒಂದು ಮಕ್ಕಳ ಶಾಲೆಯ ಚೀಲದಲ್ಲಿ, ಇನ್ನೊಂದು ಕಪಾಟಿನಲ್ಲಿ.

ಆ ಶುಕ್ರವಾರ ಮಧ್ಯಾಹ್ನ ಹುಡುಗನೊಂದಿಗೆ ಅವನ ಮನೆಗೆ ಹೋದೆವು. ದಾದಿ ಪರದೆಯ ಆಚೆ ಕುಳಿತು ಎಲ್ಲವನ್ನೂ ಕೇಳಿದರು. ನಾವು ತಪ್ಪು ಹೇಳಿದ್ದೆವು, ಕ್ಷಮಿಸಬೇಕು ಎಂದೆವು. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಲೆಕ್ಕ ಹಾಕುವ ದನಿಯಲ್ಲಿ, "ಹಾಗಾದರೆ ಏಳು ಸಲ ಹೋಯಿತಲ್ಲ, ಹಝ್ರತ್" ಎಂದರು. ನಾಲ್ಕು ವಿಧಾನಸಭೆ, ಮೂರು ಲೋಕಸಭೆ. ನಗರಪಾಲಿಕೆಯದನ್ನು ಅವರು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ನಮಗೆ ಉತ್ತರ ತೋಚಲಿಲ್ಲ.

ಅಸರ್ ಕಳೆದ ಮೇಲೆ ಮೊಮ್ಮಗನ ಕೈ ಹಿಡಿದು ಮತಗಟ್ಟೆಗೆ ಹೋಗಿ ಬಂದರಂತೆ. ಮರುದಿನ ಹುಡುಗ ಮದ್ರಸಕ್ಕೆ ಬಂದು ಹೇಳಿದ: ಮಗ್ರಿಬ್, ಇಶಾ, ಫಜ್ರ್ ಮೂರಕ್ಕೂ ದಾದಿ ಆ ಬೆರಳನ್ನು ಮೂರು ಮೂರು ಸಲ ತೊಳೆದರು, ಬೆಳಗ್ಗೆ ಕಿಟಕಿಯ ಬೆಳಕಿಗೆ ಹಿಡಿದು ನೋಡಿ, "ಇದೂ ಮೆಹಂದಿಯ ಹಾಗೆಯೇ, ರಾತ್ರಿ ಕಳೆದ ಮೇಲೆ ರಂಗೇರಿದೆ" ಎಂದರು.